ಚಾರ್ಟಿಗೆ ಅಂಟಿಸಿದ ಅರ್ಜಿ

ಮಗಳು ಇತಿಹಾಸದ ಪ್ರಾಜೆಕ್ಟಿಗೆಂದು ಗೋಂದಿನ ಬಾಟಲಿ ತೆರೆದಳು. ಆ ವಾಸನೆಗೆ ನಾನು ಓದಿದ ಕೋಣನಕುಂಟೆಯ ಶಾಲೆ ನೆನಪಾಯಿತು.

"ಪುಸ್ತಕದಲ್ಲಿರೋದು ಯಾರೋ ಬರೆದಿದ್ದು. ಮನೆಯಿಂದ ಮೂಲ ದಾಖಲೆ ತನ್ನಿ, ಅದೇ ನಿಜವಾದ ಇತಿಹಾಸ" ಎಂದಿದ್ದರು ನಮ್ಮ ಮೇಷ್ಟ್ರು. ತಾತ ಟ್ರಂಕಿನಿಂದ ಒಂದು ಅರ್ಜಿ ತೆಗೆದುಕೊಟ್ಟರು. ಬಡಾವಣೆಗೆ ನಮ್ಮ ಹೊಲಗಳನ್ನು ತೆಗೆದುಕೊಳ್ಳಬೇಡಿ ಎಂದು ಊರಿನವರು ಬರೆಸಿದ್ದು. ಉಳಿದಿದ್ದ ಪ್ರತಿ ಅದೊಂದೇ. ತಾತನಿಗೆ ಓದಲು ಬರುತ್ತಿರಲಿಲ್ಲ. ಆದರೆ ಹಿಂಬದಿಯ ಹೆಬ್ಬೆಟ್ಟುಗಳ ಮೇಲೆ ಬೆರಳಿಟ್ಟು, ಯಾವುದು ಯಾರದೆಂದು ಸಾಲಾಗಿ ಹೇಳುತ್ತಿದ್ದರು.

"ಜೋಪಾನ ಕಣೋ, ವಾಪಸ್ ತಗೊಂಡ್ ಬಾ" ಎಂದರು.

ಮೇಷ್ಟ್ರು ತರಗತಿಯಲ್ಲಿ ಚಪ್ಪಾಳೆ ಹೊಡೆಸಿದರು. ವಸ್ತುಪ್ರದರ್ಶನಕ್ಕೆ ಅದನ್ನು ಚಾರ್ಟಿಗೆ ಅಂಟಿಸಲು ಹೇಳಿದರು. ಆ ಹೆಬ್ಬೆಟ್ಟುಗಳ ಮೇಲೆ ಗೋಂದು ಬಳಿದವನು ನಾನೇ. ಬಹುಮಾನವೂ ಬಂತು.

ತಿಂಗಳು ಕಳೆದರೂ ಅರ್ಜಿ ಮನೆಗೆ ಬಾರದಿದ್ದಾಗ ತಾತ ಶಾಲೆಗೆ ಬಂದರು. ಅಷ್ಟರಲ್ಲಿ ಚಾರ್ಟುಗಳೆಲ್ಲ ರದ್ದಿಗೆ ಹೋಗಿದ್ದವು.

"ಅಯ್ಯೋ ಬಿಡಿ ಯಜಮಾನ್ರೇ, ಹಳೇ ಪೇಪರ್ ತಾನೇ" ಎಂದರು ಅದೇ ಮೇಷ್ಟ್ರು.

ವಾಪಸ್ ಬರುವಾಗ ತಾತ ನನ್ನನ್ನು ಬೈಯಲಿಲ್ಲ. "ಹೋಗ್ಲಿ ಬಿಡು. ನೀನು ಓದಿದ್ದೀಯಲ್ಲ, ಅದ್ರಲ್ಲಿ ಏನೇನ್ ಬರೆದಿತ್ತು ಹೇಳು" ಎಂದರು.

ನಾನು ಓದಿರಲಿಲ್ಲ. ಮೇಷ್ಟ್ರೂ ಓದಿರಲಿಲ್ಲ. ಬಹುಮಾನ ಕೊಟ್ಟವರೂ ಓದಿರಲಿಲ್ಲ.

ಈಗ ಮಗಳ ಕೈಯಲ್ಲಿರುವುದು ನನ್ನ ತಾಯಿ ಬರೆದಿದ್ದ ಕಾಗದದ ಜೆರಾಕ್ಸ್. ಮೂಲ ನನ್ನ ಬೀರುವಿನಲ್ಲಿದೆ. "ಅಂಟಿಸೋ ಮೊದಲು ಒಂದ್ಸಲ ಪೂರ್ತಿ ಓದಮ್ಮ" ಎಂದೆ.

"ಯಾಕಪ್ಪಾ? ಮಿಸ್ ಚಾರ್ಟ್ ನೀಟಾಗಿದ್ಯಾ ಅಂತ ಅಷ್ಟೇ ನೋಡೋದು" ಎಂದು ಅವಳು ಗೋಂದು ಬಳಿಯತೊಡಗಿದಳು.