ತೊಳೆಯದ ಕಾರುಗಳ ಕಾವಲಿಗ

ಕೋಣನಕುಂಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗ್ಯಾರೇಜಿನ ಹಿಂದಿನ ಬಯಲಲ್ಲಿ ಅಪಘಾತದ ಕಾರುಗಳು ಮಂಜಿನಲ್ಲಿ ಸಾಲಾಗಿ ನಿಂತಿವೆ. ವಾಚ್‌ಮನ್ ಬೈಲಪ್ಪ ಕೋಲು ಊರುತ್ತಾ ಒಂದೊಂದನ್ನೇ ನೋಡಿಕೊಂಡು ಬರುತ್ತಾರೆ. ಕೊನೆಯ ಬಿಳಿ ಕಾರಿನ ಬಳಿ ದನಿ ತಗ್ಗಿಸಿ, “ಎದ್ರಾ ಸಾರ್?” ಎನ್ನುತ್ತಾರೆ. ಒಳಗೆ ಯಾರೂ ಇಲ್ಲ.

ಉಳಿದ ಕಾರುಗಳಿಗೆ ಇಬ್ಬನಿ ಹೊರಗೆ ಕೂತಿದೆ. ಇದರ ಗಾಜಿಗೆ ಮಾತ್ರ ಒಳಗಿನಿಂದ ಹಬೆ ಕಟ್ಟಿದೆ. ಬೈಲಪ್ಪನವರ ಬಗ್ಗೆ ಬರೆಯಲೆಂದು ಬಂದಿರುವ ನಾನು ಮುಂದಿನ ಗಾಜನ್ನು ಕರ್ಚೀಫಿನಿಂದ ಒರೆಸಿ ನೋಡುತ್ತೇನೆ, ಹೋಗುವುದಿಲ್ಲ. “ದಿನಾ ಹಿಂಗೇ ಸಾರ್, ಒಳಗೆ ಕೂತ್ಕೊಂಡು ಯಾರೋ ಉಸಿರಾಡ್ದಂಗೆ,” ಎಂದು ಅವರು ಬೀಡಿ ಹಚ್ಚುತ್ತಾರೆ. ನನಗೆ ಹೆದರಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ.

“ನಿಮಗೆ ಭಯ ಇಲ್ವಾ?”

“ಸತ್ತೋರು ತಂಟೆಗೆ ಬರಲ್ಲ ಸಾರ್. ಬದುಕಿರೋರೇ ಬಕೆಟ್ ಹಿಡ್ಕೊಂಡು ಬಂದ್ಬಿಡ್ತಾರೆ.”

ಸುಬ್ರಹ್ಮಣ್ಯಪುರದ ಬೈಲಪ್ಪ ಮೊದಲು ಕಲ್ಲುಕ್ವಾರಿಯಲ್ಲಿದ್ದವರು. ಬಂಡೆ ಉರುಳಿ ಕಾಲು ಊನವಾದ ಮೇಲೆ, ತೊಂಬತ್ನಾಲ್ಕರಲ್ಲಿ, ಗ್ಯಾರೇಜಿನ ಮಾಲೀಕರು ಇಲ್ಲಿ ಕೂರಿಸಿದರು. ಕೆಲಸ ಇಷ್ಟೇ. ಇನ್ಶೂರೆನ್ಸ್ ಸರ್ವೇಯರ್, ಮೋಟಾರು ಇನ್‌ಸ್ಪೆಕ್ಟರ್ ಬಂದು ನೋಡುವವರೆಗೆ ಕಾರನ್ನು ಯಾರೂ ಮುಟ್ಟಕೂಡದು. ಕೇಳಲು ಸುಲಭ. ಆದರೆ ನಮ್ಮ ಜನ ಅಪಘಾತವಾದೊಡನೆ ವಕೀಲರಿಗಿಂತ ಮೊದಲು ಬೂದುಗುಂಬಳ ಹುಡುಕುವವರು. ದೃಷ್ಟಿ ತೆಗೆದು, ರಕ್ತದ ಕಲೆಯನ್ನು ತಿಕ್ಕಿ ತೊಳೆದು, ಮೈಲಿಗೆ ಹೋಯಿತೆಂದು ನಿಟ್ಟುಸಿರು ಬಿಡುತ್ತಾರೆ. ಕಲೆಯ ಜೊತೆ ಸಾಕ್ಷಿಯೂ ಮೋರಿ ಸೇರಿರುತ್ತದೆ. ಹಾಗೆ ಕೇಸು ಕಳೆದುಕೊಂಡವರು ಇದೇ ಗೇಟಿನಲ್ಲಿ ಅತ್ತು ಹೋದದ್ದನ್ನು ಬೈಲಪ್ಪ ಕಂಡಿದ್ದಾರೆ.

ಬಿಳಿ ಕಾರು ಹನುಮಂತನಗರದ ಗೌರೀಶಂಕರ ಅವರದು. ಕನಕಪುರ ರಸ್ತೆಯಲ್ಲಿ ಹಸಿರು ಲಾರಿಯೊಂದು ಬದಿಯಿಂದ ಗುದ್ದಿ ಹೋಯಿತು. ಅವರು ಸೀಟಿನಲ್ಲೇ ಹೋಗಿಬಿಟ್ಟರು. ಲಾರಿ ಸಿಕ್ಕಿದೆ, ಆದರೆ ಲಾರಿಯ ಕಡೆಯವರು ಕಾರೇ ಕಂಬಕ್ಕೆ ಹೊಡೆಯಿತು ಎನ್ನುತ್ತಾರೆ. ಡ್ರೈವರ್ ಬಾಗಿಲ ಮೇಲೆ ರಕ್ತದ ನಡುವೆ ಉಳಿದಿರುವ ಹಸಿರು ಬಣ್ಣದ ಗೀರೊಂದೇ ಈಗ ಸಾಕ್ಷಿ. ಅದು ಹೋದರೆ ಲಾರಿಯ ಇನ್ಶೂರೆನ್ಸಿನಿಂದ ಪರಿಹಾರವಿಲ್ಲ. ಹೆಂಡತಿ ಉಮಾಮಹೇಶ್ವರಿ, ಇಬ್ಬರು ಮಕ್ಕಳು ಅದನ್ನೇ ನಂಬಿಕೊಂಡಿದ್ದಾರೆ.

ನಾವು ಮಾತಾಡುತ್ತಿರುವಾಗಲೇ ಗೇಟಿನಲ್ಲಿ ಆಟೋ ನಿಲ್ಲುತ್ತದೆ. ಗೌರೀಶಂಕರರ ತಾಯಿ ಪಾರ್ವತಮ್ಮ ಕೊಡ ಹಿಡಿದು ಇಳಿಯುತ್ತಾರೆ. ಹಿಂದೆ ಸೊಸೆ.

“ಕನಸಲ್ಲಿ ದಿನಾ ಬರ್ತಾನಪ್ಪ. ‘ಅಮ್ಮ, ಮೈಯೆಲ್ಲಾ ಅಂಟು, ತೊಳಿ’ ಅಂತಾನೆ. ಮಣ್ಣು ಮಾಡಿದ್ದು ಯಾರನ್ನೋ, ಅವನು ಇಲ್ಲೇ ಕೂತಿದಾನೆ.”

ಉಮಾಮಹೇಶ್ವರಿ ಅತ್ತೆಯನ್ನು ತಡೆಯಲಾರದೆ ಬೈಲಪ್ಪನವರ ಮುಖ ನೋಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೈಲಪ್ಪ ಬಾಗಿಲಿಗೆ ಅಡ್ಡ ನಿಂತು ಮೆಲ್ಲಗೆ ಹೇಳುತ್ತಾರೆ, “ಅಮ್ಮ, ಇನ್‌ಸ್ಪೆಕ್ಟರ್ ಸಾಹೇಬ್ರು ಇವತ್ತೇ ಬರ್ತಾರೆ. ಅಲ್ಲೀವರ್ಗೂ ನೀರು ಬೇಡ. ಮಗನ್ನ ಮಾತಾಡ್ಸಿ, ಕೇಳಿಸ್ಕೊತಾರೆ.”

ಪಾರ್ವತಮ್ಮ ಕೊಡ ಕೆಳಗಿಟ್ಟು ಗಾಜಿಗೆ ಬಾಯಿ ಹತ್ತಿರ ತರುತ್ತಾರೆ. “ಶಂಕರಾ, ನಿನ್ ಮಕ್ಕಳಿಗೋಸ್ಕರ ಇನ್ನೊಂದ್ ಸ್ವಲ್ಪ ಹೊತ್ತು ಹಂಗೇ ಕೂತಿರಪ್ಪ.”

ಹಬೆಯಲ್ಲಿ ಒಂದು ಹನಿ ಒಳಗಿನಿಂದ ಇಳಿಯುತ್ತದೆ.

ಬಿಸಿಲೇರಿದ ಮೇಲೂ ಆ ಗಾಜು ಆರುವುದಿಲ್ಲ. ಇನ್‌ಸ್ಪೆಕ್ಟರ್ ಬಂದು ಫೋಟೋ ತೆಗೆಸುತ್ತಾರೆ, ಹಸಿರು ಬಣ್ಣವನ್ನು ಕೆರೆದು ಪೊಟ್ಟಣ ಕಟ್ಟಿಕೊಳ್ಳುತ್ತಾರೆ. ಇನ್ನು ಮುಟ್ಟಬಹುದು ಎಂದದ್ದೇ ತಡ, ಬೈಲಪ್ಪ ತಾವೇ ಕೊಡ ಎತ್ತಿಕೊಡುತ್ತಾರೆ. ಪಾರ್ವತಮ್ಮ ಸೀಟು, ಸ್ಟೇರಿಂಗು, ಬಾಗಿಲು ಎಲ್ಲವನ್ನೂ ಮಗುವಿಗೆ ಎರೆದಂತೆ ತೊಳೆದು ವಿಭೂತಿ ಹಚ್ಚುತ್ತಾರೆ. ಅವರು ಹೊರಟ ಮೇಲೆ ತಿರುಗಿ ನೋಡಿದರೆ ಗಾಜು ತಿಳಿಯಾಗಿದೆ. ಕೇಸು ನಡೆಯಲು ಇನ್ನೂ ವರ್ಷಗಳು ಬೇಕು, ಆದರೆ ಸಾಕ್ಷಿ ಉಳಿದಿದೆ.

ಹೊರಡುವಾಗ ಕೇಳುತ್ತೇನೆ, ನಿಮಗೇನು ಆಸೆ? ಬೈಲಪ್ಪ ಖಾಲಿ ಸೀಟನ್ನು ನೋಡುತ್ತಾ ಯೋಚಿಸುತ್ತಾರೆ.

“ನಾನ್ ಹೋದಾಗ ಅವ್ರು ಬರ್ಲಿ, ಇವ್ರು ನೋಡ್ಲಿ ಅಂತ ನನ್ನ ಇಟ್ಕೊಂಡು ಕೂರ್ಬಾರ್ದು ಸಾರ್. ಅವತ್ತೇ ನೀರು ಹುಯ್ದುಬಿಡ್ಬೇಕು. ಕಾಯೋದು ಸತ್ತೋರಿಗೆ ಎಷ್ಟು ಕಷ್ಟ ಅಂತ ನಾನು ನೋಡಿದೀನಿ.”