ಬಾಗಿಲ ಗಂಟೆಗೆ ಭಾಷೆ ಹುಡುಕುವವನು
ಗಡಿಯಾರ ರಿಪೇರಿಯ ಈ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ‘ನಾಳೆಯಿಂದ’. ಕಿವಿ ಕೇಳದಂತಾದ ಅಕ್ಕನಿಗಾಗಿ, ಬಾಗಿಲ ಗಂಟೆ ಒತ್ತಿದರೆ ಅಡುಗೆಮನೆಯ ದೀಪ ಮಿನುಗಿಸುವ ಪ್ರೋಗ್ರಾಮೊಂದನ್ನು ಮನೆಯ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿ ಬರೆಯಬೇಕೆಂದು ಮೂರು ವರ್ಷದಿಂದ ಕಂಪ್ಯೂಟರ್ ಭಾಷೆ ಆರಿಸುತ್ತಲೇ ಇದ್ದಾನೆ. ಚಪ್ಪಲಿ ಅಂಗಡಿಯಲ್ಲಿ ಕೂತವರೂ ಇಷ್ಟು ಜೋಡಿ ಹಾಕಿ ತೆಗೆದಿರಲಾರರು. “ಸಿ ಚುರುಕು, ಆದ್ರೆ ಒಂದು ತಪ್ಪಾದ್ರೆ ಎಲ್ಲಾ ಮಗುಚಿ ಹಾಕುತ್ತೆ. ಪೈಥಾನ್ ಸಾಧು, ಆದ್ರೆ ನಿಧಾನ. ರಸ್ಟ್ ಮೇಷ್ಟ್ರ ಥರ, ಸಾಲುಸಾಲಿಗೂ ಗದರುತ್ತೆ,” ಎಂದು ಗಿರಾಕಿಯ ಗಡಿಯಾರ ಬಿಚ್ಚಿಟ್ಟುಕೊಂಡೇ ವಿವರಿಸುತ್ತಾನೆ, ಪಾಪದ ಗಿರಾಕಿ ತಲೆಯಾಡಿಸಿದರೆ ಮುಗಿಯಿತು, ಅವತ್ತು ಗಡಿಯಾರ ಸಿಕ್ಕ ಹಾಗೇ! ಗಂಟೆಗೂ ದೀಪಕ್ಕೂ ಎಳೆದ ತಂತಿ ಸರಿಯಿದೆಯೇ ಎಂದು ನೋಡಲು ಮೊದಲ ವಾರವೇ, ಲಿನಕ್ಸಿನ ಜೊತೆಗೇ ಬರುವ ಶೆಲ್ ಎಂಬ ಸರಳ ಭಾಷೆಯಲ್ಲಿ ನಾಲ್ಕು ಸಾಲು ಗೀಚಿದ್ದ. ತಾತ್ಕಾಲಿಕವೆಂದು ಅದನ್ನು ಲೆಕ್ಕಕ್ಕೇ ಹಿಡಿಯದೆ, ಅಳಿಸುವುದನ್ನೂ ಮರೆತ. ಹಗಲೆಲ್ಲ ಅಂಗಡಿಯಲ್ಲೇ ಇರುವವನು ಮೊನ್ನೆ ರಜೆಯೆಂದು ಮನೆಯಲ್ಲಿ ಕೂತು ಹೊಸದೊಂದು ಭಾಷೆಯ ಗುಣಗಾನ ಓದುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಅವನು ಏಳುವಷ್ಟರಲ್ಲಿ ಅಕ್ಕ ಬಾಗಿಲು ತೆಗೆದಾಗಿತ್ತು. “ನಿಂಗೆ ಹೇಗೆ ಗೊತ್ತಾಯ್ತಕ್ಕಾ?” ಎಂದು ಕೈಸನ್ನೆಯಲ್ಲಿ ಕೇಳಿದ. ಅಕ್ಕ ಅಡುಗೆಮನೆಯಲ್ಲಿ ಇನ್ನೂ ಮಿನುಗುತ್ತಿದ್ದ ದೀಪ ತೋರಿಸಿ ನಕ್ಕಳು: “ಮೂರು ವರ್ಷದಿಂದ ಕೇಳಿಸ್ತಾನೇ ಇದೆಯಲ್ಲೋ!”