ಗೋದಾಬಾಯಿಯ ನಾಲಿಗೆಯ ಹುಣ್ಣು

ಗೋದಾಬಾಯಿ ಧಾರವಾಡದವರು. ಮದುವೆಯಾಗಿ ಪುಣೆಗೆ ಬಂದ ಮೇಲೆ ಶನಿವಾರ ಪೇಠೆಯಲ್ಲಿ ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ ಎರಡು ಕೋಣೆಯ ಸಂಸಾರ. ಗಂಡ ಮಾರ್ತಾಂಡರಾಯರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಮಕ್ಕಳಾಗಲಿಲ್ಲ. ಸುಮ್ಮನೆ ಕೂಡುವ ಜೀವ ಗೋದಾಬಾಯಿಯದಲ್ಲ. ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು ಹುಡುಗಿಯರ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು.

೧೯೩೬ರ ಮಳೆಗಾಲದಲ್ಲಿ ಅವರ ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣಾಯಿತು. ಉಷ್ಣವಿರಬೇಕೆಂದು ಗುಲ್ಕಂದ ತಿಂದರು, ತುಪ್ಪ ಸವರಿದರು. ದೀಪಾವಳಿ ಬಂದರೂ ಅದು ಮಾಯಲಿಲ್ಲ. ಗಂಡನ ಊಟ ಮುಗಿದ ಮೇಲೆ ಅವರು ಒಳಗೆ ಒಬ್ಬರೇ ಉಣ್ಣುತ್ತಿದ್ದುದರಿಂದ, ಮೊಸರನ್ನದ ಹೊರತು ಬೇರೇನೂ ಬಾಯಿಗೆ ಹೋಗುತ್ತಿಲ್ಲವೆಂಬುದು ರಾಯರಿಗೆ ಗೊತ್ತಾಗಲಿಲ್ಲ.

ಗೋದಾಬಾಯಿ ಬಾಯಿ ಬಿಟ್ಟು ಹೇಳಲಿಲ್ಲ. ಅವರ ಸೋದರತ್ತೆ ನಾಲಿಗೆಯ ಹುಣ್ಣಿನಿಂದಲೇ ತೀರಿಹೋಗಿದ್ದರು. ಕೊನೆಕೊನೆಗೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲ ಕೋಣೆಯಲ್ಲೇ ಮಲಗಿರುತ್ತಿದ್ದುದು, ದೊಡ್ಡವರು ಅದರ ಹೆಸರು ಹೇಳದೆ ಪಿಸುಗುಟ್ಟುತ್ತಿದ್ದುದು, ಚಿಕ್ಕಂದಿನಲ್ಲಿ ಕಂಡದ್ದು ಹಾಗೇ ಮನಸ್ಸಿನಲ್ಲಿ ಉಳಿದಿತ್ತು. ಹೇಳಿದರೆ ನಿಜವಾದೀತೆಂಬ ಹೆದರಿಕೆ.

ಅದೇ ಚಳಿಗಾಲದಲ್ಲಿ ಪುಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ, ಕನ್ನಡದವರೇ ಆದ ಲೋಕನಾಥರು ಗೋದಾಬಾಯಿಗೆ ಒಂದು ಕೆಲಸ ಹೇಳಿದರು. ಉಳ್ಳಾಗಡ್ಡಿಯ ಬೇರಿನ ತುದಿಯಲ್ಲಿ ಜೀವಕೋಶಗಳು ಹೇಗೆ ಒಡೆದು ಎರಡಾಗುತ್ತವೆಂಬುದನ್ನು ತರಗತಿಯ ಗೋಡೆಗೆ ತೂಗುಹಾಕಲು ದೊಡ್ಡದಾಗಿ ಬರೆದು ಕೊಡಬೇಕಿತ್ತು. ಗೋದಾಬಾಯಿ ಕಾಲೇಜಿಗೆ ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು ಕೋಶಗಳು. ಬಹಳಷ್ಟು ಸುಮ್ಮನಿದ್ದವು. ಅಲ್ಲೊಂದು ಇಲ್ಲೊಂದರಲ್ಲಿ ಮಾತ್ರ ನೇರಳೆ ಬಣ್ಣದ ಎಳೆಗಳು ದಪ್ಪವಾಗಿದ್ದವು. ಒಂದರಲ್ಲಿ ಎಳೆಗಳು ನಟ್ಟನಡುವೆ ಸಾಲುಗಟ್ಟಿದ್ದವು. ಇನ್ನೊಂದರಲ್ಲಿ ಅರ್ಧ ಆಚೆಗೆ, ಅರ್ಧ ಈಚೆಗೆ ಸರಿದಿದ್ದವು. ಮತ್ತೊಂದರಲ್ಲಿ ನಡುವೆ ಗೋಡೆ ಎದ್ದು ಒಂದು ಎರಡಾಗಿತ್ತು.

ಬಹಳ ಹೊತ್ತು ನೋಡಿ ಗೋದಾಬಾಯಿ ಕೇಳಿದರು: “ನಮ್ಮ ಮೈಯಾಗೂ ಹಿಂಗ ನಡೀತದೇನ್ರಿ?”

“ಹೌದ್ರಿ. ಗಾಯ ಆದರ ಸುತ್ತಲಿನ ಕೋಶ ಒಡದು ಒಡದು ಸಂದು ತುಂಬತಾವ.”

“ತುಂಬಿದ ಮ್ಯಾಲ?”

“ಸುಮ್ಮನಾಗತಾವ. ಹಂಗ ಸುಮ್ಮನಾಗಲಾರದ ಒಡಕೋತ ಹೋದರ ಅದಕ್ಕ ಕ್ಯಾನ್ಸರ್ ಅಂತಾರ. ಯಾಕ ನಿಲ್ಲೂದಿಲ್ಲ ಅನ್ನೋದು ಯಾರಿಗೂ ಇನ್ನೂ ಸರಿಯಾಗಿ ತಿಳಿದಿಲ್ಲ.”

ಗೋದಾಬಾಯಿ ಪೆನ್ಸಿಲ್ ಕೆಳಗಿಟ್ಟರು. ತಲೆನೋವೆಂದು ಹೇಳಿ ಎದ್ದು ಬಂದರು.

ಸಂಜೆ ರಾಯರು ಕೋಟು ತೆಗೆದು ಗೂಟಕ್ಕೆ ಹಾಕುವಷ್ಟರಲ್ಲೇ ಗೋದಾಬಾಯಿ ಅವರ ಎದುರು ನಿಂತು, “ಸ್ವಲ್ಪ ಇಲ್ಲಿ ನೋಡ್ರಿ,” ಎಂದು ನಾಲಿಗೆ ಹೊರಚಾಚಿದರು. ರಾಯರು ಕಿಟಕಿಯ ಬೆಳಕಿಗೆ ಕರೆದೊಯ್ದು ನೋಡಿದರು.

“ಎಂದಿನಿಂದ ಅದ ಇದು?”

“ಮಳಿಗಾಲದಿಂದ.”

“ಇಷ್ಟು ದಿನ ಹೇಳಬಾರದೇನ ಗೋದಾ?” ಎಂದವರು ಬಯ್ಯಲಿಲ್ಲ. ತೆಗೆದ ಕೋಟನ್ನೇ ಮತ್ತೆ ತೊಟ್ಟು ಟಾಂಗಾ ಕರೆಯಲು ಹೋದರು.

ಡಾಕ್ಟರ್ ಮಹಾಲಿಂಗ ಬೆಳಗಾವಿ ಕಡೆಯವರು. ನಾಲಿಗೆಯನ್ನು ಅರಿವೆಯಿಂದ ಹಿಡಿದೆಳೆದು, ಹುಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಹಲ್ಲಿನ ಸಾಲಿನ ಮೇಲೆ ಬೆರಳಾಡಿಸಿದರು.

“ಈ ದವಡಿ ಹಲ್ಲು ಎಂದು ಮುರೀತ್ರಿ?”

ಗೋದಾಬಾಯಿಗೆ ನೆನಪಾಗಲಿಲ್ಲ. ಅಡಿಕೆ ಕಡಿಯುವಾಗ ಒಮ್ಮೆ ಚಟ್ಟೆಂದದ್ದುಂಟು, ಅಷ್ಟೆ.

“ಚಾಕುವಿನಂಗ ಚೂಪಾಗ್ಯದ. ಇದ ದಿನಾ ನಾಲಿಗಿ ಕೊರೀತದ. ಮೊದಲು ಇದನ್ನ ಕೀಳಸ್ರಿ. ಆದರ ಭಾಳ ದಿನದ ಹುಣ್ಣು, ಬರೇ ಹಲ್ಲಿನ ಮ್ಯಾಲ ಹಾಕಿ ಕೈಬಿಡಲಿಕ್ಕೆ ಬರೂದಿಲ್ಲ. ಒಂದು ಚೂರು ತಗದು ಪರೀಕ್ಷಾಕ್ಕ ಮುಂಬಯಿಗೆ ಕಳಸೋಣು.”

ಸೂಜಿ ಚುಚ್ಚಿ ನಾಲಿಗೆ ಮರಗಟ್ಟಿಸಿ ಚೂರು ತೆಗೆದರು. ಮರುದಿನ ಹಲ್ಲೂ ಹೋಯಿತು. ಆಮೇಲೆ ಕಾಯುವುದೊಂದೇ ಉಳಿಯಿತು. ರಾಯರು ರಜೆ ಹಾಕಿ ಮನೆಯಲ್ಲೇ ಉಳಿದರು. ಮಾಡಲು ಏನೂ ತೋಚದೆ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಗೋದಾಬಾಯಿ ಕನ್ನಡಿಯ ಕಡೆ ಹೋಗಲೇ ಇಲ್ಲ. ನೋವು ಕಡಿಮೆಯಾದಂತೆ ಅನಿಸುತ್ತಿತ್ತು, ಆದರೆ ನಂಬುವ ಧೈರ್ಯ ಬರಲಿಲ್ಲ.

ಮುಂಬಯಿಯ ವರದಿ ಬಂದ ದಿನ ಡಾಕ್ಟರರು ಅವರನ್ನು ಕಂಡೊಡನೆ ಹೇಳಿಬಿಟ್ಟರು: “ಕ್ಯಾನ್ಸರ್ ಅಲ್ಲರಿ. ಕೂಡ್ರಿ ಮೊದಲ.”

ಕೂತ ಮೇಲೆ ಬಿಡಿಸಿ ಹೇಳಿದರು. “ಕೋಶ ಜೋರಿಲೆ ಒಡೀಲಿಕ್ಕತ್ತಿದ್ದವು, ಖರೆ. ಆದರ ಸಾಲು ಬಿಟ್ಟಿಲ್ಲ, ಒಳಗ ಇಳದಿಲ್ಲ. ಹಲ್ಲು ಹರೀತಿತ್ತು, ಅವು ಮುಚ್ಚತಿದ್ದವು. ಮತ್ತ ಹರೀತಿತ್ತು, ಮತ್ತ ಮುಚ್ಚತಿದ್ದವು. ವರ್ಷಾನುಗಟ್ಟಲೆ ಹಿಂಗೇ ಬಿಟ್ಟಿದ್ದರ ಏನಾಗತಿತ್ತೋ, ನಾ ಹೇಳಲಾರೆ. ಈಗ ಹಲ್ಲು ಹೋತು. ನಾಲಿಗಿ ತೋರಸ್ರಿ.”

ಹುಣ್ಣು ಆಗಲೇ ಅರ್ಧ ಮಾಯ್ದಿತ್ತು. ಗೋದಾಬಾಯಿ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ರಾಯರು ಡಾಕ್ಟರರಿಗೆ ಎರಡೆರಡು ಸಲ ನಮಸ್ಕಾರ ಹೇಳಿ, ಟೊಪ್ಪಿಗೆ ಅಲ್ಲಿಯೇ ಬಿಟ್ಟು ಹೊರಗೆ ಬಂದರು. ಗೋದಾಬಾಯಿ ನಗುತ್ತ ಒಳಗೆ ಹೋಗಿ ಅದನ್ನು ತಂದುಕೊಟ್ಟರು.

ಅಂದಿನಿಂದ ಗೋದಾಬಾಯಿಗೆ ಒಂದು ಚಟವೇ ಅಂಟಿಕೊಂಡಿತು. ಯಾರಾದರೂ ಬಾಯಿಹುಣ್ಣು ಎಂದರೆ ಸಾಕು, “ಬಾಯಿ ತಗೀರಿ, ನೋಡೋಣು,” ಎನ್ನುವರು. ವಾಡೆಯಲ್ಲಿ ಅಥಣಿಯ ರಾಧಾಬಾಯಿ ಎಂಬ ಹಿರಿಯರಿದ್ದರು. ಪುಣೆಯ ಹೆಂಗಸರು ಮಶೇರಿ ಎನ್ನುವ ಸುಟ್ಟ ತಂಬಾಕಿನ ಪುಡಿಯಿಂದ ದಿನಾ ಬೆಳಿಗ್ಗೆ ಹಲ್ಲು ತಿಕ್ಕುವ ರೂಢಿ ಅವರದು. ಅವರ ಕೆನ್ನೆಯ ಒಳಗೆ ಬಿಳಿ ಕಲೆ ಕಂಡಾಗ ಗೋದಾಬಾಯಿ ಬಿಡಲಿಲ್ಲ, ಡಾಕ್ಟರರ ಬಳಿ ಕರೆದುಕೊಂಡು ಹೋದರು. ಮಶೇರಿ ಬಿಡಲೇಬೇಕೆಂದು ಡಾಕ್ಟರರು ಹೇಳಿದರು. ರಾಧಾಬಾಯಿ ಗೊಣಗುತ್ತಲೇ ಬಿಟ್ಟರು. ಬರುಬರುತ್ತ ಕಲೆಯೂ ಮಾಸಿತು.

ಸ್ವಾತಂತ್ರ್ಯ ಬಂದ ವರ್ಷ ರಾಧಾಬಾಯಿಯ ಮೊಮ್ಮಗಳ ಮದುವೆ. ಗೋದಾಬಾಯಿ ಬೀಗರ ಪಂಕ್ತಿಗೆ ಬಡಿಸಲು ಬಂದಾಗ ಮುದುಕಿ ಎಲ್ಲರಿಗೂ ಕೇಳುವಂತೆ ಕೂಗಿದರು: “ಇಕಿ ಮುಂದ ಬಾಯಿ ಅಗಲ ತಗೀಬ್ಯಾಡ್ರೆವ್ವಾ, ಊಟ ಬಿಡಿಸಿ ಡಾಕ್ಟರ್ ಕಡೆ ಒಯ್ತಾಳ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಗೋದಾಬಾಯಿ ಮುದುಕಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದರು.